ಎಡಗೈಯಲ್ಲಿ ಸಿಗದ ನಾಡಿ

ಈ ಲೇಖನವನ್ನು ಬರೆಯಲು ಕಾರಣವೇನೆಂದರೆ, ಕಳೆದ ವಾರ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ತೋಳಿನಿಂದ ಬಂದ ನೋವಿನೆಣ್ಣೆಯ ಘಾಟು. ಸದರಿ ಘಾಟು ನನ್ನನ್ನು ಟಿ. ನರಸೀಪುರದ ನಮ್ಮ ಹೊಲಿಗೆ ಟೀಚರ ಮನೆಗೆ ಎಳೆದೊಯ್ದಿತು...

ಎಪ್ಪತ್ತರ ದಶಕದ ಆರಂಭದಲ್ಲಿ ಅವರಿಗೆ ಎಡಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ತರುವಾಯ ‘ಕರೆಂಟು’ ಕೊಡಲಾಗಿತ್ತು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಅದೇ ಹೆಸರು. ಪಕ್ಕದ ಮನೆಯವಳಾದ ನನ್ನನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ಈ ವಿಷಯ ತಿಳಿದಿರಲಿಲ್ಲ.

ಸುಮಾರು ಹತ್ತು ವರ್ಷಗಳ ನಂತರ ಅವರ ಎಡಗೈ ಸೋಲತೊಡಗಿತು. ಬಟ್ಟೆ ಹಿಡಿದು ಕತ್ತರಿಸುವಷ್ಟರಲ್ಲಿ ತೋಳು ಸೆಳೆಯುತ್ತಿತ್ತು, ಬೆರಳುಗಳು ತಣ್ಣಗಾಗುತ್ತಿದ್ದವು. “ವಾಯು ಕಣೇ, ಎಣ್ಣೆ ತಿಕ್ಕು” ಎನ್ನುತ್ತಿದ್ದರು. ನಾನು ತಿಕ್ಕಿದ್ದೇ ತಿಕ್ಕಿದ್ದು...

ಕೊನೆಗೆ ನಂಜನಗೂಡಿನ ಪಂಡಿತರೊಬ್ಬರಲ್ಲಿಗೆ ಹೋದೆವು. ಹೆಂಗಸರ ನಾಡಿಯನ್ನು ಎಡಗೈಯಲ್ಲಿ ನೋಡುವುದು ಅವರ ಪದ್ಧತಿ. ಮಣಿಕಟ್ಟು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು.

“ನಾಡೀನೇ ಸಿಗ್ತಿಲ್ವಲ್ಲಮ್ಮ!”

“ಹಂಗಾದ್ರೆ ನಾನು ಸತ್ತು ಎಷ್ಟು ದಿನ ಆಯ್ತು ಪಂಡಿತ್ರೇ?”

ಬಲಗೈಯಲ್ಲಿ ನಾಡಿ ಸರಿಯಾಗಿಯೇ ಇತ್ತು. ಪಂಡಿತರು ನಗಲಿಲ್ಲ, ಔಷಧವನ್ನೂ ಕೊಡಲಿಲ್ಲ. ಕೂಡಲೇ ಮೈಸೂರಿನಲ್ಲಿ ತೋರಿಸತಕ್ಕದ್ದೆಂದು ಹೇಳಿ ಕಳುಹಿಸಿದರು.

ಮೈಸೂರಿನ ಡಾಕ್ಟರು, ಹಿಂದೆ ಏನಾದರೂ ಆಪರೇಷನ್ ಆಗಿತ್ತೇ ಎಂದು ಕೇಳಿದರು. ಟೀಚರು ಸೆರಗು ಬಿಗಿಯಾಗಿ ಹೊದ್ದು “ಏನೂ ಇಲ್ಲ ಸಾರ್” ಎಂದರು! ನಾನು ಬಾಯಿ ತೆರೆದೆ. ಅವರು ನನ್ನ ಕಾಲು ತುಳಿದರು.

“ಬಾಯಿ ಬಿಟ್ಟೀಯ ಜೋಕೆ,” ಹೊರಗೆ ಬಂದು ಗದರಿದರು. “ಮಗಳ ಮದ್ವೆ ಮಾತು ನಡೀತಿದೆ. ತಾಯಿಗೆ ಬಂದದ್ದು ಮಗಳಿಗೂ ಬರುತ್ತೆ ಅಂತ ಗಂಡಿನ ಕಡೆಯೋರು ಎದ್ದೋದ್ರೆ? ಲಗ್ನ ಆಗ್ಲಿ, ಆಮೇಲೆ ಡಂಗೂರ ಹೊಡ್ಸು.”

ಲಗ್ನವಾಯಿತು. ಅಷ್ಟರಲ್ಲಿ ಎರಡು ಬೆರಳುಗಳ ತುದಿ ಕಪ್ಪಾಗಿತ್ತು. ಆಗ ಟೀಚರು ಡಾಕ್ಟರಿಗೆ ನಿಜ ಹೇಳಿದರು. ಡಾಕ್ಟರು ಹಣೆ ಚಚ್ಚಿಕೊಂಡರು.

“ಕರೆಂಟು ಕೊಟ್ಟ ಕಡೆ, ಕೈಗೆ ಹೋಗೋ ರಕ್ತನಾಳ ಮುಚ್ಕೊಂಡುಬಿಟ್ಟಿದೆ. ಮೊದ್ಲೇ ಹೇಳೋಕೆ ಏನಾಗಿತ್ತು?”

ಕೇಳಿದ್ದು ಟೀಚರನ್ನು, ನೋಡಿದ್ದು ನನ್ನನ್ನು.

ಆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಹೊಲಿಗೆ ತರಗತಿ ಅಲ್ಲಿಗೆ ನಿಂತಿತು...

ಟೀಚರು ತೀರಿಕೊಂಡು ಬಹಳ ವರ್ಷಗಳಾಗಿವೆ. ಅವರ ಹಟವನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಾಲು ತುಳಿದಷ್ಟಕ್ಕೇ ಸುಮ್ಮನಾದ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಇತ್ತೀಚೆಗೆ ಯಾವ ಡಾಕ್ಟರಲ್ಲಿಗೆ ಹೋದರೂ ಚಿಕ್ಕಂದಿನ ದಡಾರದಿಂದ ಆರಂಭಿಸಿ ಸಮಸ್ತವನ್ನೂ ಕ್ರಮವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. “ಸಾಕಮ್ಮ, ನೀವು ಬಂದಿರೋದು ನೆಗಡಿಗೆ” ಎಂದು ನಗುತ್ತಾರೆ. ಕೇಳಿದ ದಿನ ಒಂದೇ ಒಂದು ಮಾತು ಹೇಳದೆ ಉಳಿದವಳು ನಾನೆಂಬುದು ಅವರಿಗೆ ತಿಳಿಯದು.