ವಾಸನೆಯಿಲ್ಲದ ಟ್ಯಾಂಕು

ಮೊನ್ನೆ ಹೈದರಾಬಾದಿನ ಮಣಿಕೊಂಡದ ಮನೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಬದಲಿಸಿದೆ. ಮೊದಲ ನೀರು ಕಪ್ಪಗೆ ಬಂತು. ಒದ್ದೆ ಇದ್ದಿಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು... ಮೈಯೆಲ್ಲ ಉರಿಯಿತು.

ಹೈದರಾಬಾದಿನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಜೊತೆಗೆ ಓದಿದವರೆಲ್ಲ ಅತ್ತ ಹೋದರು; ನಾನು ಊರಾಚೆಯ ಔಷಧ ಕಾರ್ಖಾನೆಯೊಂದರಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಹಿಡಿದು ಕೂತೆ. ಅದರ ಕಣ್ಣಿಗೆ ಕಾಣದ ರಂಧ್ರಗಳು ವಿಷದ ಆವಿಯನ್ನು ಹೀರುವಂತೆ ಮಾಡುವುದು ನನ್ನ ಕೆಲಸ. ಆ ಇದ್ದಿಲನ್ನು ಟ್ಯಾಂಕಿಗೆ ತುಂಬುವವರು, ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯ ಕಾರ್ಮಿಕರು. ಸೇಡಂ ಕಡೆಯವರು, ಆ ಗಾಜಿನ ಕಟ್ಟಡಗಳಿಗೇ ಸಿಮೆಂಟ್ ಹೊತ್ತು ಬೆನ್ನು ಸೋತ ಮೇಲೆ ನಮ್ಮಲ್ಲಿಗೆ ಬಂದಿದ್ದರು. ನನ್ನ ಮೈಸೂರು ಕನ್ನಡ ರೇಡಿಯೋ ಕೇಳಿದ ಹಾಗಿದೆ ಎಂದು ನಗುತ್ತಿದ್ದರು.

ಟ್ಯಾಂಕಿಗೆ ಇಳಿಯುವ ಮುನ್ನ ಒಳಗಿನ ಗಾಳಿ ಅಳೆಯುವ ಮೀಟರ್ ಬೇಕೆಂದು ಬರೆದುಕೊಟ್ಟಿದ್ದೆ. ಮುಂದಿನ ವರ್ಷ ನೋಡೋಣ ಎಂದ ಮ್ಯಾನೇಜರ್. ಗೇಟಿನ ಬೋರ್ಡಿಗೆ 'ಪರಿಸರಸ್ನೇಹಿ' ಎಂದು ಬರೆಸಲು ಮಾತ್ರ ಯಾವ ವರ್ಷವನ್ನೂ ಕಾಯಲಿಲ್ಲ ಆ ಮಹಾಶಯ. ಆಗ ಕಾಕಾಗೆ ನಾನೇ ಸುಲಭದ ದಾರಿ ಹೇಳಿಕೊಟ್ಟೆ: ಟ್ಯಾಂಕಿನ ಗಾಳಿ ಮೂಸಿ ನೋಡಿ, ವಾಸನೆ ಬರದಿದ್ದರೆ ಎಲ್ಲ ಸರಿಯಿದೆ ಎಂದು.

ಒಂದು ಮಧ್ಯಾಹ್ನ, ಹೊಸ ಇದ್ದಿಲು ತುಂಬಿ, ನೀರು ಹಾಯಿಸಿ, ಹಿಂದಿನ ದಿನವೇ ಮುಚ್ಚಿಟ್ಟಿದ್ದ ಟ್ಯಾಂಕಿನೊಳಗೆ ಇದ್ದಿಲು ಹಿಡಿದಿಡುವ ಜಾಲರಿ ಸರಿದಿತ್ತು, ಇಳಿದು ಕೂರಿಸಬೇಕಿತ್ತು. ಕಾಕಾ ಮುಚ್ಚಳ ತೆಗೆದು ಮೂಸಿದರು.

"ನಾತ ಏನೂ ಇಲ್ರಿ ಸರ. ಇಳೀಲೇನ್ರಿ?"

ನಾನು ಹೂಂ ಎಂದೆ.

ಒದ್ದೆ ಇದ್ದಿಲು, ಮುಚ್ಚಿದ ಜಾಗದಲ್ಲಿರುವ ಆಮ್ಲಜನಕವನ್ನೂ ಹೀರಿಬಿಡುತ್ತದೆ. ಅದು ಮೂಗಿಗೆ ತಿಳಿಯುವುದಿಲ್ಲ. ಇದು ನನ್ನ ಪುಸ್ತಕದಲ್ಲೇ ಇತ್ತು, ಪರೀಕ್ಷೆಯಲ್ಲೂ ಬರೆದಿದ್ದೆ. ಕಾಕಾ ಏಣಿಯ ಕೊನೆಯ ಮೆಟ್ಟಿಲಲ್ಲಿ ಸುಸ್ತಾಗಿ ಕೂತಂತೆ ಕಂಡರು... ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರದಿಯಲ್ಲಿ 'ಕಾರ್ಮಿಕನ ಅಜಾಗರೂಕತೆ' ಎಂದು ಬರೆದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಕೆಳಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಥೂ.

ಊರಿಗೆ ಹೊರಟ ಕಾಕಾರ ಹೆಂಡತಿ ಕಾಚಿಗೂಡ ಸ್ಟೇಷನ್ನಿನಲ್ಲಿ ಕೇಳಿದ್ದು ಇಷ್ಟೇ: "ಕೇಳದ ಇಳಿಯೋರಲ್ರಿ ಅವರು. ಇಳೀರಿ ಅಂತ ಯಾರು ಹೇಳಿದ್ರು?"

ನಾನು ರೈಲು ಬರುವ ದಿಕ್ಕು ನೋಡುತ್ತ ನಿಂತೆ.

ಈಗ ಸುರಕ್ಷಿತ ವಸ್ತುಗಳ ವಿನ್ಯಾಸದ ಬಗ್ಗೆ ಭಾಷಣ ಮಾಡುತ್ತೇನೆ, ಚಪ್ಪಾಳೆಯೂ ಬೀಳುತ್ತದೆ. ಮ್ಯಾನೇಜರನನ್ನು ಬೈದು ಬೈದು ಸಾಕಾಗಿದೆ. ಉಳಿದ ಸಿಟ್ಟೆಲ್ಲ ನನ್ನ ಮೇಲೆಯೇ. ಕಾಕಾರ ಹೆಂಡತಿ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳಿದೆ, ಅಕ್ಕಾ. ಅವರು ನನ್ನನ್ನು ಕೇಳಿಯೇ ಇಳಿದರು.