ಆಕೆಯ ಕಪ್ಪು, ನನ್ನ ಕಂದು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಪುಣೆಯ ಒಂದು ಪ್ರಯೋಗಾಲಯದಲ್ಲಿ ನಾನು ಕಬ್ಬಿಣದ ಪುಡಿ ಮಾಡುತ್ತಿದ್ದೆ. ಹೀಗೆಂದರೆ ನಮ್ಮತ್ತೆಯವರಿಗೆ ಕುಲುಮೆಯೇ ಕಣ್ಣಿಗೆ ಕಟ್ಟುತ್ತಿತ್ತು. ನಿಜಕ್ಕೂ ಅವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಅಯಸ್ಕಾಂತಕ್ಕೆ ಓಡಿ ಬರುವಂಥವು. ಅವುಗಳ ಮೇಲೆ ಕ್ಯಾನ್ಸರ್ ಔಷಧ ಹೊರಿಸಿ ರಕ್ತಕ್ಕೆ ಬಿಟ್ಟು, ಹೊರಗಿನಿಂದ ಅಯಸ್ಕಾಂತ ಹಿಡಿದು ಗಡ್ಡೆಯ ಹತ್ತಿರವೇ ನಿಲ್ಲಿಸಬೇಕೆಂಬುದು ನಮ್ಮ ಆಸೆ. ಕೈಯಲ್ಲಿದ್ದದ್ದು ಮಾತ್ರ ಮಸಿಯಂಥ ಕಪ್ಪು ದ್ರವ.

ಆ ವರ್ಷ ಕ್ಯಾನ್ಸರ್ ಕೋಶಗಳ ಮೇಲಿನ ಪರೀಕ್ಷೆಗೆ ಒಬ್ಬರ ದ್ರವವನ್ನಷ್ಟೇ ಕಳಿಸುವುದಾಗಿ ಮಾರ್ಗದರ್ಶಕರು ಹೇಳಿದರು. ಇದ್ದವರು ಇಬ್ಬರೇ: ಆರು ವರ್ಷದಿಂದ ಪಿಎಚ್.ಡಿ. ಎಳೆಯುತ್ತಿದ್ದ ನಾನು, ಮತ್ತು ಧಾರವಾಡದಿಂದ ಮೊನ್ನೆ ಮೊನ್ನೆ ಬಂದ ಹುಡುಗಿ. ನನ್ನದು ಹೋಗದಿದ್ದರೆ ನನ್ನ ಪ್ರಬಂಧಕ್ಕೆ ಕೊನೆಯ ಅಧ್ಯಾಯವೇ ಇಲ್ಲ. ಆಕೆಯೋ ಊರಾಚೆ ಧನಕವಡಿಯ ಬಾಡಿಗೆ ಕೋಣೆಯಿಂದ ಬಂದು, ದ್ರವ ಮಾಡಿ, ಬಾಟಲಿಗೆ ಬಿರಡೆ ಜಡಿದು ಊಟಕ್ಕೆ ಹೋಗಿಬಿಡುತ್ತಿದ್ದಳು. ತಿರುಗಿಯೂ ನೋಡುತ್ತಿರಲಿಲ್ಲ. ಆ ನಿಶ್ಚಿಂತೆ ಕಂಡರೆ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಗಾಳಿ ತಗುಲಿದರೆ ಆ ಕಪ್ಪು ತುಕ್ಕಿನ ಬಣ್ಣಕ್ಕೆ ತಿರುಗಿ ದ್ರವ ಕೆಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ, ತಿರುಗಿತೇನೋ ಎಂದು, ಕಳಿಸಲೆಂದು ಮಾಡಿಟ್ಟ ನನ್ನ ಬಾಟಲಿಯ ಬಿರಡೆಯನ್ನು ದಿನವೂ ತೆಗೆದು, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡುತ್ತಿದ್ದೆ. ಭಾನುವಾರ ಹಡಪಸರದ ಮನೆಯಿಂದ ಎರಡು ಬಸ್ಸು ಬದಲಿಸಿ ಬಂದು ನೋಡಿದ್ದೂ ಉಂಟು. ಬಂದದ್ದು ಬಂದೆ ಎಂದು ಪಕ್ಕದ ಆಕೆಯ ಬಾಟಲಿಯನ್ನೂ ತೆಗೆಯುತ್ತಿದ್ದೆ. ವಿಜ್ಞಾನದಲ್ಲಿ ಹೋಲಿಕೆ ಮುಖ್ಯವೆಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ವಾರ ಎರಡೂ ಕಂದು ಬಣ್ಣಕ್ಕೆ ತಿರುಗತೊಡಗಿದಾಗ, ನನ್ನದು ಕೆಟ್ಟಿತೆಂಬ ದುಃಖಕ್ಕಿಂತ ಮೊದಲು ಆಕೆಯದೂ ಕೆಟ್ಟಿತೆಂಬ ಸಂತೋಷವಾಯಿತು. ಬರೆಯಲು ಈಗಲೂ ನಾಚಿಕೆ.

ಕಳಿಸುವ ದಿನ ನನ್ನ ಹನಿ ಚಹಾದ ಕಲೆಯಂತಿತ್ತು. ಆಕೆ ಮೇಜಿನ ಮೇಲಿದ್ದ ತನ್ನ ಬಾಟಲಿಯನ್ನು ಮುಟ್ಟಲೇ ಇಲ್ಲ. ಒಳಗಿನ ಕಪಾಟಿನ ಬೀಗ ತೆಗೆದು ಇನ್ನೊಂದನ್ನು ತಂದಳು. ಅದರ ಹನಿ ಕಾಡಿಗೆಯಂತೆ ಕಪ್ಪಗಿತ್ತು. ಮಾರ್ಗದರ್ಶಕರು ಮರಾಠಿಯಲ್ಲಿ ಶಾಬಾಸ್ ಹೇಳಿ ಹೋದರು.

ಇದನ್ನು ಯಾವಾಗ ಮಾಡಿದೆ ಎಂದು ಕೇಳಿದೆ.

"ಮೇಜಿನ ಮ್ಯಾಲಿಂದು ಮಾಡಿದ ದಿನಾನ ಇದನ್ನೂ ಮಾಡೇನ್ರಿ ಅಣ್ಣಾರ. ಒಂದು ಬಾಟ್ಲಿ ಕಳಸಾಕ, ಒಂದು ನಿಮಗ ತಗದು ನೋಡಾಕ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಪಾರ್ಸಲ್ಲಿನ ಡಬ್ಬಿ ಹಿಡಿದುಕೊಳ್ಳಲು ಹೇಳಿದಳು, ಹಿಡಿದುಕೊಂಡೆ. ನನ್ನ ಅಧ್ಯಾಯ ಇನ್ನೊಂದು ವರ್ಷ ಹಿಂದೆ ಬಿದ್ದಿತ್ತು. ಆದರೂ ಆಕೆ ಟೇಪು ಸುತ್ತುವಾಗ, ಒಳಗೆ ಬಿರಡೆ ಗಟ್ಟಿಯಾಗಿ ಕೂತಿದೆಯೋ ಇಲ್ಲವೋ, ಒಮ್ಮೆ ನೋಡಬಹುದಿತ್ತಲ್ಲ ಎಂದು ಹೇಳಿಯೇಬಿಟ್ಟೆ.

ಆಕೆ ಇನ್ನೂ ಎರಡು ಸುತ್ತು ಟೇಪು ಹಾಕಿದಳು.