ಸಿಮೆಂಟು ಬೇಡವೆನ್ನುತ್ತಿದ್ದ ಶೇವಂತಕ್ಕ

ವಾಡಿಯಲ್ಲಿ ಸಿಮೆಂಟಿನ ಧೂಳು ಕರೆಯದೆಯೇ ಮನೆಯೊಳಗೆ ಬರುತ್ತದೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಅಂಥ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದರೂ ಶೇವಂತಕ್ಕ ತಾನಾಗಿ ಒಂದು ಹಿಡಿ ಸಿಮೆಂಟು ಮುಟ್ಟಿದವಳಲ್ಲ. ಆಕೆಯ ಹಿತ್ತಲಿಗೆ ಹಾಸಿದ್ದ ಪರಸಿ ಕಲ್ಲುಗಳೆಲ್ಲ ಬರೀ ಮರಳಿನ ಮೇಲೆ ಕೂತಿದ್ದವು. ಕಾಲಿಟ್ಟರೆ ಟಕ್ ಎನ್ನುತ್ತಿದ್ದವು. ಆಕೆಯ ಗಂಡ ಧರ್ಮಣ್ಣ ಹಳಿ ಕೆಲಸ ಮುಗಿಸಿ ಹಿಂಬಾಗಿಲಿಂದ ಬಂದದ್ದು ಗೋಡೆಯಾಚೆ ನಮಗೂ ಗೊತ್ತಾಗುತ್ತಿತ್ತು.

ನಾನು ಬುಕಿಂಗ್ ಆಫೀಸಿನ ಕೆಲಸಕ್ಕೆ ಸೇರಿ ಪಕ್ಕದ ಮನೆಗೆ ಬಂದಾಗ ಮಳೆಗಾಲ. ನಮ್ಮ ಹಿತ್ತಲಿನ ಕರಿಮಣ್ಣಿನಿಂದ ಕಾಲು ಎದ್ದು ಬರುತ್ತಿತ್ತು, ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಇದನ್ನು ನೋಡಿ ಮನಸಾರೆ ನಕ್ಕ ಶೇವಂತಕ್ಕ ಮುಂದಿನ ರವಿವಾರ ಒಂದು ಚೀಲ ಕಲ್ಲು ಹೊತ್ತುಕೊಂಡು ಬಂದಳು. ಶಹಾಬಾದಿನಲ್ಲಿ ಪಾಲಿಶ್ ಮಾಡುವವರು ಮೂಲೆ ಮುರಿದದ್ದೆಂದು ಎಸೆದ ಚೂರುಗಳು ಅವು; ಧರ್ಮಣ್ಣ ಕೇಳಿ ತರುತ್ತಿದ್ದರು. ಮರಳು ಹರವಿ, ಚೂರುಗಳನ್ನು ತಿರುಗಿಸಿ ತಿರುಗಿಸಿ ಒಂದಕ್ಕೊಂದು ಹೊಂದಿಸಿ, ಬಟ್ಟೆ ಸುತ್ತಿದ ಒನಕೆಯಿಂದ ಆಕೆ ಮೆಲ್ಲಗೆ ಬಡಿದಳು. ಸ್ವಲ್ಪ ಸಿಮೆಂಟು ಹಾಕಿದರೆ ಗಟ್ಟಿಯಾಗುತ್ತದಲ್ಲ ಎಂದೆ.

"ಸರಕಾರಿ ಮನಿಗಿ ಸಿಮೆಂಟ್ ಹಾಕಿದ್ರ ಅದು ಸರಕಾರದ್ದೇ ಆಗ್ತದ, ಯವ್ವಾ. ಮರಳಾಗ ಕುಂದರ್ಸಿದ್ರ ನಿಂದೇ ಇರ್ತದ. ಏಳು ಅಂದ ದಿನ ಎತ್ಕೊಂಡು ಹೋಗಬಹುದು."

ಆಕೆಯ ತಂದೆತಾಯಿ ಶಹಾಬಾದಿನ ಕಡೆ ಕಲ್ಲು ಗಣಿಯ ಕೂಲಿಗಳು. ಗಣಿ ಎಲ್ಲಿಗೆ ಸರಿಯಿತೋ ಜೋಪಡಿಯೂ ಅಲ್ಲಿಗೆ. ಒಮ್ಮೆ ಆಕೆಯ ತಾಯಿ ಯಾರನ್ನೋ ಕಾಡಿ ಬೇಡಿ ಸಿಮೆಂಟು ತಂದು ಒಲೆಗೊಂದು ಕಟ್ಟೆ ಕಟ್ಟಿದಳಂತೆ. ಕಟ್ಟೆ ಒಣಗುವಷ್ಟರಲ್ಲಿ ಏಳಿರಿ ಅಂದರು. ಜೋಪಡಿ ಬಿಚ್ಚುವಾಗ ಸುಮ್ಮನಿದ್ದ ತಾಯಿ ಆ ಕಟ್ಟೆಯ ಮುಂದೆ ಕೂತು ಅತ್ತದ್ದನ್ನು ಶೇವಂತಕ್ಕ ಯಾರದೋ ಮನೆಯ ಸುದ್ದಿಯಂತೆ ನಗುನಗುತ್ತ ಹೇಳಿದ್ದಳು.

ಹಾಗಾಗಿ ಆಕೆಯ ಮನೆಯ ಅಂದವೆಲ್ಲ ಎತ್ತಿಕೊಂಡು ಹೋಗುವಂಥದ್ದು. ಗೋಡೆಗೆ ಮೊಳೆ ಹೊಡೆಯುತ್ತಿರಲಿಲ್ಲ. ಕಿಟಕಿಯ ಸರಳಿನಿಂದ ಸರಳಿಗೆ ಹಗ್ಗ ಕಟ್ಟಿ, ಹಳೆ ಸೀರೆಯ ಅಂಚು ಹೊಲಿದ ಚೌಕಟ್ಟಿನಲ್ಲಿ ಬುದ್ಧನ ಪಟ ತೂಗುಬಿಡುತ್ತಿದ್ದಳು. ಖಾಲಿ ಸಿಮೆಂಟು ಚೀಲಗಳನ್ನು ತೊಳೆದು ಹೊಲಿದು ಅಡುಗೆಮನೆಯ ಬಾಗಿಲಿಗೆ ನೆರಳು ಮಾಡಿದ್ದಳು. ಸಿಮೆಂಟು ಬೇಡ, ಅದರ ಚೀಲ ಬೇಕು ಎಂದು ನಾನು ಕಾಡಿಸಿದರೆ, ಚೀಲ ಮಡಚಲಿಕ್ಕೆ ಬರುತ್ತದೆ ಎನ್ನುತ್ತಿದ್ದಳು. ಪುದೀನ ಎಣ್ಣೆ ಡಬ್ಬಿಯಲ್ಲಿ, ಕರಿಬೇವು ಡಾಂಬರಿನ ಡ್ರಮ್ಮಿನಲ್ಲಿ. ನೆಲಕ್ಕೆ ಬೇರು ಬಿಟ್ಟದ್ದು ಆ ಹಿತ್ತಲಿನಲ್ಲಿ ಒಂದೂ ಇರಲಿಲ್ಲ.

ನಮ್ಮ ಸಾಲಿನ ಮನೆಗಳು ಶಿಥಿಲವಾಗಿವೆ, ಹಿಂದಿನ ಸಾಲಿಗೆ ಹೋಗಿ ಎಂದು ಆದೇಶ ಬಂದಾಗ ಎಲ್ಲರೂ ತಾವು ಕಟ್ಟಿಸಿದ ಬಚ್ಚಲ ಕಟ್ಟೆ, ತುಳಸಿ ಕಟ್ಟೆಗಳನ್ನು ನೋಡಿ ಮರುಗಿದರು. ಶೇವಂತಕ್ಕ ಮುಂಜಾನೆ ಕಲ್ಲು ಎಬ್ಬಿಸಲು ಕೂತಳು. ಸಂಜೆಗೆ ಹೊಸ ಹಿತ್ತಲಿನಲ್ಲಿ ಅದೇ ಹಾಸಿನ ಮೇಲೆ ನನಗೆ ಚಹಾ ಕೊಟ್ಟಳು. ಕಲ್ಲುಗಳು ಮೊದಲಿನಂತೆಯೇ ಟಕ್ ಎಂದವು. ಆ ದಿನದ ಆಕೆಯ ಗತ್ತು ನೋಡಬೇಕಿತ್ತು.

ಚಿಂಚೋಳಿ ಕಡೆಯ ಐನಾಪುರ ಧರ್ಮಣ್ಣನ ಊರು. ಅಲ್ಲಿ ಅವರಿಗೊಂದು ಜಾಗವಿತ್ತು, ಊರ ಹೊರಗೆ ತುಂಡು ಹೊಲವೂ ಇತ್ತು. ನಿವೃತ್ತಿ ಹತ್ತಿರ ಬಂದಾಗ ಪಾಯ ಹಾಕಿಸಿದರು. ಆಕೆ ನನ್ನನ್ನು ಕರೆದೊಯ್ದು ಪಾಯದೊಳಗೆ ನಿಲ್ಲಿಸಿ, ಇದು ಅಡುಗೆಮನೆ, ಇದು ಪಡಸಾಲೆ ಎಂದು ಖಾಲಿ ಜಾಗವನ್ನೆಲ್ಲ ತೋರಿಸಿದಳು. ವಾಡಿಯ ಕಲ್ಲುಗಳೆಲ್ಲ ಇಲ್ಲಿಗೇ ಬರುವುವು, ಗೌಂಡಿ ಗೋಡೆ ಕಟ್ಟಿದರೆ ಸಾಕು, ನೆಲಕ್ಕೆ ಮಾತ್ರ ಆತ ಕೈಹಚ್ಚಬಾರದು ಎಂದಳು.

"ಇಲ್ಲಿ ಸಿಮೆಂಟ್ ಹಾಕ್ತೀನವ್ವ. ನಾನೇ ಕಲಸ್ತೀನಿ. ಒಂದ್ ಕಲ್ಲೂ ಅಲುಗ್ಯಾಡಬಾರ್ದು. ಆಮ್ಯಾಲ ನನಗ ಏಳು ಅನ್ನಾವ್ರು ಯಾರ್ ಬರ್ತಾರ ನೋಡ್ತೀನಿ."

ಮರಳುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಮೆಂಟಿನದೇ ಮಾತು. ಹಾಕಿ ಕೈತೊಳೆದುಕೊಂಡರೆ ಆಗುವುದಿಲ್ಲ, ಮರುದಿನದಿಂದ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ ಎಂದು ನನಗೆ ಪಾಠ ಮಾಡಿದಳು. ಎಂದೂ ಸಿಮೆಂಟು ಮುಟ್ಟದವಳಿಗೆ ಅದರ ವಿಷಯ ಎಷ್ಟೆಲ್ಲ ಗೊತ್ತಿತ್ತು.

ಐನಾಪುರಕ್ಕೆ ಸಿಮೆಂಟು ಬಂದು ಇಳಿಯಿತು. ಗೋಡೆ ಏಳುವ ಮೊದಲೇ ಆಕೆಗೆ ಎದೆನೋವು ಬಂತು. ಕಲಬುರಗಿಗೆ ಒಯ್ದರು, ದಾರಿಯಲ್ಲೇ ಮುಗಿಯಿತು. ಸುದ್ದಿ ಬಂದಾಗ ನಾನು ಅಕ್ಕಿ ತೊಳೆಯುತ್ತಿದ್ದೆ. ತೊಳೆದು ಮುಗಿಸಿ ಒಲೆಗಿಟ್ಟು, ಅನ್ನವಾದ ಮೇಲೆ ಇಳಿಸಿದೆ. ಅಳು ಬರಲಿಲ್ಲ. ಮಣ್ಣಿಗೆ ಹೋದಾಗಲೂ ಬರಲಿಲ್ಲ.

ತೀರಿಹೋದವರ ಹೆಸರಿನಲ್ಲಿ ಮಾಡುವ ಪುಣ್ಯಾನುಮೋದನೆಯ ಹಿಂದಿನ ದಿನ ಮತ್ತೆ ಐನಾಪುರಕ್ಕೆ ಹೋದೆ. ಆಕೆಯನ್ನು ಹೂಳಿದ್ದು ಅವರದೇ ಹೊಲದ ಬದುವಿನಲ್ಲಿ. ಧರ್ಮಣ್ಣ ವಾಡಿಯ ಹಿತ್ತಲಿನ ಕಲ್ಲುಗಳನ್ನೆಲ್ಲ ಟೆಂಪೋದಲ್ಲಿ ತಂದು ಅಲ್ಲಿ ಇಳಿಸಿದ್ದರು. ವಾಡಿಯ ಹಿತ್ತಲಿನ ಕಥೆ ಕೇಳಿದ್ದ ಗೌಂಡಿಗೂ ಆಕೆಯ ರೀತಿ ಗೊತ್ತಿತ್ತು. ಮಣ್ಣು ಸಮ ಮಾಡಿ, ಮರಳು ಹರವಿ, ಇದರ ಮೇಲೆಯೇ ಕೂರಿಸಲೇ ಎಂದು ಕೇಳಿದ.

ಧರ್ಮಣ್ಣ ಕೈ ಅಡ್ಡ ಹಿಡಿದು ತಡೆದರು.

"ಬ್ಯಾಡ. ಸಿಮೆಂಟ್ ಹಾಕು. ಇನ್ನ ಆಕಿಗಿ ಏಳು ಅನ್ನಾವ್ರು ಯಾರೂ ಇಲ್ಲ."

ಮನೆಗೆಂದು ತಂದಿದ್ದ ಚೀಲಗಳಲ್ಲೇ ಒಂದನ್ನು ಒಡೆದರು. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ನಾನು ಬಗ್ಗಿ ಒಂದು ಕಲ್ಲನ್ನು ಕೈಯಿಂದ ಒತ್ತಿ ನೋಡಿದೆ. ಸದ್ದು ಮಾಡಲಿಲ್ಲ.

ಆ ರಾತ್ರಿ ಅಲ್ಲೇ ಉಳಿದೆ. ಮರುದಿನ ನೆಂಟರು ಹೂವು, ಮೇಣದಬತ್ತಿ ಹಿಡಿದು ಬದುವಿಗೆ ಬಂದರು. ನಾನು ಒಂದು ಕೊಡ ನೀರು ತಂದು ಕಲ್ಲಿನ ಸಂದುಗಳಿಗೆ ನಿಧಾನವಾಗಿ ಸುರಿದೆ. ಇದು ನನ್ನ ಕಡೆಯವರ ಪದ್ಧತಿ ಇರಬೇಕೆಂದುಕೊಂಡು ಮುದುಕಿಯೊಬ್ಬಳು ತಾನೂ ಒಂದು ಚೊಂಬು ಸುರಿದು ಕೈಮುಗಿದಳು. ಧರ್ಮಣ್ಣ ನನ್ನ ಕೈಯಿಂದ ಖಾಲಿ ಕೊಡ ಇಸಿದುಕೊಂಡು ಇನ್ನೊಮ್ಮೆ ತುಂಬಲು ಹೋದರು.